ಬನ್ನಿ ಕುದುರೆಯ ತಂಗ

“ಉಬ್ಬಿಸ್ಕೊಂಡು ನಿಂತೀಯಲ್ಲೋ ಭಾಡ್ಯಾ, ಉಸುರು ಬಿಡು!”

ರುಕ್ಮಿಣಿಬಾಯಿ ಗಂಡನ ಪಕ್ಕೆಗೆ ಮೊಣಕಾಲು ಕೊಟ್ಟು ಪಟ್ಟಿ ಜಗ್ಗಿದಳು. ಭಗವಂತ ನಡುಮನೆಯ ನೆಲದ ಮೇಲೆ ಕೈ, ಮೊಣಕಾಲು ಊರಿ ಬಗ್ಗಿದ್ದ. ಬೆನ್ನ ಮೇಲೆ ಮಡಚಿದ ಕೌದಿಗಳ ಗುಡ್ಡೆ. ಗುಡ್ಡೆಯ ಮೇಲಿಂದ ಹಾದು ಹೊಟ್ಟೆಯ ಕೆಳಗೆ ಸುತ್ತಿ ಬಂದ ಹೊಸ ಚರ್ಮದ ಪಟ್ಟಿಯ ತುದಿ ಅವಳ ಮುಷ್ಟಿಯಲ್ಲಿತ್ತು. ಅವನು ಬೇಕಂತಲೇ ಹೊಟ್ಟೆ ಉಬ್ಬಿಸಿಕೊಂಡು, ಹಲ್ಲು ಕಿರಿದು, ಮೂಗಿನಿಂದ ಫುರ್ರ್ ಅಂದ.

“ಕುದುರಿ ಹಿಂಗೇ ಮಾಡ್ತದಂತ ನಮ್ಮಪ್ಪ ಹೇಳ್ತಿದ್ದ. ಬಿಗಿಯೋ ಮುಂದ ಉಬ್ಬತದ, ಬಿಗಿದ ಮ್ಯಾಲ ಸಣ್ಣಾಗ್ತದ. ಬಾಳ ಹರಾಮಿ ಅದು.”

“ನಿಮ್ಮಪ್ಪ ಯಾವ ಕುದುರಿ ಮುಟ್ಟಿದ್ದ?”

“ಎಲ್ಲಿ ಮುಟ್ಟತಾನ? ಅವಂಗ ಅವರಪ್ಪ ಹೇಳಿದ್ದ.”

“ಅವರಪ್ಪ?”

“ಅಂವಾ ಯಾರ ಬಲ್ಲಿ ಕೇಳಿದ್ದನೋ. ನೀ ಜಗ್ಗ ಬೇ, ಮೊಣಕಾಲು ನೋಯಾಕತ್ತಾವ.”

ಇಬ್ಬರೂ ನಕ್ಕರು. ನಕ್ಕಾಗ ಅವನ ಉಸಿರು ಹೋಯಿತು. ಅದೇ ಹೊತ್ತು ನೋಡಿ ಅವಳು ಪಟ್ಟಿಯನ್ನು ಒಂದು ತೂತು ಮುಂದಕ್ಕೆ ಎಳೆದು ಬಕಲ್ಲಿಗೆ ಸಿಕ್ಕಿಸಿದಳು.

ಜೀನನ್ನು ಕುದುರೆಯ ಮೈಗೆ ಬಿಗಿಯುವ ಈ ಪಟ್ಟಿಗೆ ತಂಗ ಅನ್ನುತ್ತಾರೆ. ಅಫಜಲಪುರದ ಕಡೆ, ಭೀಮಾ ದಂಡೆಯ ಆ ಊರಿನಲ್ಲಿ ದಸರೆಯ ದಿನ ಗೌಡರ ಮನೆಯವರು ಕುದುರೆ ಹತ್ತಿ ಸೀಮೆಯ ಬನ್ನಿ ಗಿಡದ ತನಕ ಹೋಗಬೇಕು. ಆ ಕುದುರೆಯ ತಂಗವನ್ನು ಸಮಗಾರ ಭಗವಂತನ ಮನೆಯವರೇ ಹೊಲಿಯಬೇಕು. ಹೋದ ವರ್ಷ ಗೌಡರ ಮಗ ಸೊಲ್ಲಾಪುರದಿಂದ ನೈಲಾನಿನ ತಂಗ ತರಿಸಿದ್ದ. ಕುದುರೆಯ ಕಂಕುಳು ಸುಲಿದು ನೆತ್ತರು ಬಂತು, ಮತ್ತೆ ಚರ್ಮವೇ ಬೇಕಾಯಿತು. ಆದರೆ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿದ ಕುದುರೆ ದೇವರದು. ಸಮಗಾರರ ಕೈ ಅದರ ಮೈಗೆ ತಾಗುವಂತಿಲ್ಲ. ಕುದುರೆ ನೋಡಿಕೊಳ್ಳುವ ಮಾಳಿಂಗ ಅದರ ಹೊಟ್ಟೆಗೆ ಸುತಳಿ ಸುತ್ತಿ, ಗಂಟು ಹಾಕಿ, ಅಂಗಳದ ಬಾಗಿಲಲ್ಲಿರುವ ಹಾಸುಗಲ್ಲಿನ ಮೇಲೆ ಒಗೆದು ಹೋಗುತ್ತಾನೆ. ಅಳತೆ ಅಂದರೆ ಅಷ್ಟೆ. ಹೊಲಿದ ತಂಗವನ್ನೂ ಅದೇ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಪೂಜಾರಿ ತಂಬಿಗೆಯ ನೀರು ಚಿಮುಕಿಸುತ್ತಾನೆ, ಚರ್ಮ ಶುದ್ಧವಾಗುತ್ತದೆ. ಹೊಲಿದವರು ಕಲ್ಲಿನ ಆಚೆಯೇ ನಿಂತು ಕೈ ಮುಗಿದು ಮನೆಗೆ ಬರುತ್ತಾರೆ.

ಹೊಸ ತಂಗವನ್ನು ಹಾಗೇ ಕೊಟ್ಟರೆ ಹಾದಿಯಲ್ಲೇ ಹಿಗ್ಗಿ ಜೀನು ಜಾರುತ್ತದೆ. ಕುಸುಬಿ ಎಣ್ಣೆ ಕುಡಿಸಿ, ಜೀವ ಇರುವ ಮೈಗೆ ಬಿಗಿದು, ಉಸಿರಿನ ಏರಿಳಿತಕ್ಕೆ ಹೊಲಿಗೆಗಳು ಕೂಡುವ ಹಾಗೆ ಪಳಗಿಸಬೇಕು. ಕಂಬಕ್ಕೆ ಬಿಗಿದರೆ ಆಗುವುದಿಲ್ಲ, ಕಂಬ ಉಸಿರಾಡುವುದಿಲ್ಲ. ಅದಕ್ಕೆ ಆ ಮನೆಯ ಗಂಡಸು ಬಗ್ಗುತ್ತಾನೆ, ಹೆಂಗಸು ಬಿಗಿಯುತ್ತಾಳೆ. ಸುತಳಿಯ ಅಳತೆ ಬರುವ ತನಕ ಬೆನ್ನ ಮೇಲೆ ಕೌದಿ ಒಟ್ಟುತ್ತಾರೆ. ರುಕ್ಮಿಣಿಬಾಯಿ ಮದುವೆಯಾಗಿ ಹಿರೋಳ್ಳಿಯಿಂದ ಬಂದ ಹೊಸದರಲ್ಲಿ ಗಂಡನ ಮುಖ ಎತ್ತಿ ನೋಡಲೂ ಅಂಜುತ್ತಿದ್ದಳು. ಆ ದಸರೆಗೆ ಅತ್ತೆ ಅವಳ ಕೈಗೆ ಪಟ್ಟಿ ಕೊಟ್ಟು ಜಗ್ಗು ಅಂದಳು. ಕೆಳಗೆ ಬಗ್ಗಿದ್ದ ಆ ಗಂಡಸು ಕತ್ತು ತಿರುಗಿಸಿ, ಕಣ್ಣು ಹೊಡೆದು, ಹಿಹಿಹೀ ಎಂದು ಕುದುರೆಯ ಹಾಗೆ ಕೆನೆದ. ಹುಡುಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಅಂಜಿಕೆ ಅಲ್ಲಿಗೆ ಹೋಯಿತು. ಅವರ ಸಂಸಾರ ಶುರುವಾದದ್ದು ಅಕ್ಷತೆಯಿಂದಲ್ಲ, ಆ ಕೆನೆತದಿಂದ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಈ ಸಲ ಒಬ್ಬಳು ಕೇಳಿದಳು. ಬಕಲ್ಲಿನ ಬಣ್ಣ ಗೌಡರಿಗೆ ಒಪ್ಪಿಗೆಯೋ ಇಲ್ಲವೋ ನೋಡಲು ರುಕ್ಮಿಣಿಬಾಯಿ ತಂಗ ತೆಗೆದುಕೊಂಡು ಹಾಸುಗಲ್ಲಿನ ತನಕ ಹೋಗಿದ್ದಳು. ಗೌಡರ ಸೊಸೆ ಶಿವಕಾಂತಾ ಕಾಗದದ ಕಪ್ಪಿನಲ್ಲಿ ಚಹಾ ತಂದು ಕಲ್ಲಿನ ಮೇಲಿಟ್ಟಳು. ಜೇವರ್ಗಿಯ ಕಡೆಯಿಂದ ಬಂದವಳು, ಕಾಲೇಜು ಓದಿದವಳು, ಸಿಡುಕಿನವಳಲ್ಲ.

“ಅಲ್ಲಬೇ ರುಕ್ಮವ್ವ, ಕುದುರಿ ಮುಟ್ಟಂಗಿಲ್ಲ, ಹತ್ರ ಭೀ ಬರಂಗಿಲ್ಲ. ಇಷ್ಟು ಬರೋಬ್ಬರಿ ಹ್ಯಾಂಗ ಕೂಡ್ತದ ಇದು?”

ಯಾವಾಗ ಕೊಡ್ತಿ ಎಂಬುದನ್ನು ಬಿಟ್ಟು ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳಿದವರಲ್ಲ. ಚಹಾ ಬಿಸಿಯಿತ್ತು, ಬಿಸಿಲು ಹಿತವಾಗಿತ್ತು, ಮಾತು ಹೊರಬಿತ್ತು. ಕೌದಿ ಒಟ್ಟುವುದು, ಮೊಣಕಾಲು ಕೊಡುವುದು, ಅವನು ಹೊಟ್ಟೆ ಉಬ್ಬಿಸುವುದು, ಎಲ್ಲವನ್ನೂ ಹೇಳಿದಳು.

“ಅಯ್ಯ! ಖರೇನೇ? ಅಂವಾ ಕುದುರಿ ಆಗ್ತಾನ?”

“ಆಗ್ತಾನ್ರಿ ಅಕ್ಕಾರ. ಒದರ್ತಾನ ಭೀ. ಮುದುಕ ಆದ್ರೂ ಚೇಷ್ಟಿ ಹೋಗಿಲ್ಲ ಅವಂದು.”

ಶಿವಕಾಂತಾ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರುಕ್ಮಿಣಿಬಾಯಿಯೂ ನಕ್ಕಳು. ಅವತ್ತು ಮನೆಗೆ ಬರುವಾಗ ಅವಳ ಹೆಜ್ಜೆ ಹಗುರಾಗಿತ್ತು.

ಮರುದಿನ ಮಧ್ಯಾಹ್ನ ಗಂಡಹೆಂಡತಿ ಇಬ್ಬರಿಗೂ ಕರೆ ಬಂತು. ತಂಗ ತಗೊಂಡು ಬರ್ರಿ, ಪಾವ್ಣೇರು ನೋಡ್ತಾರಂತ. ಅಂಗಳದಲ್ಲಿ ಶಿವಕಾಂತಾಳ ತವರಿನ ಬೀಗರು ಊಟ ಮುಗಿಸಿ ಎಲೆಡಿಕೆ ಹಾಕುತ್ತ ಕುಳಿತಿದ್ದರು. ಸೈದಪ್ಪಗೌಡರು ಹಲ್ಲಿಗೆ ಕಡ್ಡಿ ಹಾಕುತ್ತಿದ್ದರು. ಮಗ ಕಲ್ಯಾಣಕುಮಾರ ತೂಗುಮಂಚದ ಮೇಲೆ ಫೋನು ಹಿಡಿದು ಕುಳಿತಿದ್ದ.

“ಏ ಭಗ್ವಂತ್ಯಾ, ನೀ ಮನ್ಯಾಗ ಕುದುರಿ ಆಗ್ತಿಯಂತಲ್ಲೋ?”

ಭಗವಂತನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವನು ಕಲ್ಯಾಣಕುಮಾರನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಒಳಮನೆಯ ಬಾಗಿಲಲ್ಲಿ ನಗುತ್ತ ನಿಂತಿದ್ದ ಶಿವಕಾಂತಾ ಆ ನೋಟ ಕಂಡು ಒಳಗೆ ಹೋದಳು.

“ಇಲ್ರಿ ಸಣ್ಣಗೌಡ್ರ. ಅದು ಕೆಲಸದ ಸಲುವಾಗಿ…”

“ಕೆಲಸಾನೇ ತೋರ್ಸಪ್ಪ. ನಾ ಏನು ಭಜನಿ ಹಾಡು ಅಂದೆನೇನು?”

ಬೀಗರು ನಕ್ಕರು. ಗೌಡರು ಕಡ್ಡಿ ಉಗುಳಿದರು. “ಬಗ್ಗೋ, ಬಗ್ಗು. ಪಾವ್ಣೇರ ಮುಂದ ನನ್ನ ಮಾನ ಕಳೀಬ್ಯಾಡ.”

ಹಾಸುಗಲ್ಲಿನ ಹೊರಮಗ್ಗುಲಿಗೆ ಭಗವಂತ ಬಗ್ಗಿದ. ಆಳೊಬ್ಬ ಹತ್ತಿಯ ಖಾಲಿ ಚೀಲಗಳನ್ನು ತಂದು ದೂರದಿಂದಲೇ ಅವನ ಬೆನ್ನ ಮೇಲೆ ಒಗೆದ.

“ನೀನೇ ಬಿಗಿ ಬೇ ರುಕ್ಮಿ. ಮನ್ಯಾಗ ಹ್ಯಾಂಗ ಬಿಗೀತಿ, ಹಂಗೇ. ಮೊಣಕಾಲು ಕೊಡು, ಮೊಣಕಾಲು!”

ಅವಳು ಮೊಣಕಾಲು ಕೊಟ್ಟಳು. ಪಟ್ಟಿ ಜಗ್ಗಿದಳು. ಅವನು ಹೊಟ್ಟೆ ಉಬ್ಬಿಸಲಿಲ್ಲ. ಹೊಟ್ಟೆಯೇ ಇಲ್ಲದವನ ಹಾಗೆ ಒಳಕ್ಕೆ ಸೇದಿಕೊಂಡಿದ್ದ. ಪಟ್ಟಿ ಒಂದರ ಹಿಂದೊಂದು ತೂತು ದಾಟಿ ಅವಳ ಕೈಗೆ ಬರುತ್ತಲೇ ಇತ್ತು, ಬಿಗಿಯಲು ಅಲ್ಲಿ ಏನೂ ಇರಲಿಲ್ಲ.

“ಒದರೋ! ಕುದುರಿ ಮೂಕ ಅದ ಏನ್ರೀ ಇದು?”

ಭಗವಂತ ಒದರಿದ. ಅದು ಕೆನೆತವಾಗಿರಲಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡವನ ಸದ್ದಾಗಿತ್ತು. ಜೇವರ್ಗಿಯ ಒಬ್ಬ ದಢೂತಿ ಬೀಗ ಎದ್ದು ಬಂದು, ಧೋತ್ರ ಎತ್ತಿ ಕಟ್ಟಿ, ಚೀಲಗಳ ಮೇಲೆ ಕುಳಿತು ಫೋಟೋಕ್ಕೆ ಕೈ ಎತ್ತಿದ. ಮುದುಕನ ಅಂಗೈ ಕಲ್ಲಿನ ಮೇಲೆ ಜಾರಿ ತೊಗಲು ಸುಲಿಯಿತು.

“ತಂಗ ಗಟ್ಟಿ ಅದರೀ ಗೌಡ್ರ, ಕುದುರೀನೇ ಕಮಜೋರ!”

“ಸಾಕು ಬಿಡ್ರೋ, ಸತ್ತಗಿತ್ತಾನು,” ಎಂದರು ಗೌಡರು, ನಕ್ಕು ಮುಗಿದ ಮೇಲೆ. ಕಾಗದದ ತಾಟಿನಲ್ಲಿ ಹೋಳಿಗೆ ಹಾಕಿ ಕೊಡಿಸಿದರು.

ಭಗವಂತ ಆ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಓಣಿಗುಂಟ ನಡೆದ. ಮನೆಗೆ ಬಂದು ಹೆಂಡತಿಯ ಮುಂದೆ ಇಟ್ಟ. ಹಿತ್ತಿಲಿಗೆ ಹೋಗಿ ಮೈಮೇಲೆ ನೀರು ಸುರುವಿಕೊಂಡ, ಒಂದು ಕೊಡ, ಮತ್ತೊಂದು ಕೊಡ, ಹರಿವಿ ಬರಿದಾಗುವ ತನಕ. ಆಮೇಲೆ ತೊಗಲಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

“ನಾ ನಗೋ ಮಾತು ಅಂತ ಹೇಳ್ದೆ,” ಎಂದಳು ರುಕ್ಮಿಣಿಬಾಯಿ ಬಾಗಿಲಲ್ಲಿ ನಿಂತು. “ಆಕಿ ಕೇಳಿದ್ಳು, ಬಾಯಿಗೆ ಬಂತು. ನನ್ನ ಬಾಯಾಗ ಮಣ್ಣು ಬೀಳ್ಲಿ. ಹೊಡಿ ನನಗ. ಎದ್ದು ಎರಡು ಬಿಡು. ಬೈಯಾದ್ರೂ ಬೈ.”

ಅವನು ಬೈಯಲಿಲ್ಲ. ರೊಟ್ಟಿ ಇಟ್ಟರೆ ಅರ್ಧ ತಿಂದು ತಾಟು ಸರಿಸುತ್ತಿದ್ದ. ಅವಳು ಹತ್ತಿರ ಕುಳಿತರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಸುಲಿದ ಅಂಗೈಗೆ ಅರಿಶಿನ ಹಚ್ಚಲು ಹೋದಳು. ಕೈ ಮುಷ್ಟಿ ಮಾಡಿಕೊಂಡ. ಅವಳು ಕೂಗಾಡಿದಳು, ಅತ್ತಳು, ಸುಮ್ಮನಾದಳು. ಇದ್ದ ಒಂದೇ ನಗುವನ್ನು ಕಾಗದದ ಕಪ್ಪಿನ ಚಹಾಕ್ಕೆ ಕೊಟ್ಟು ಬಂದಿದ್ದಳು.

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಮಗಳು ಅನುರಾಧಾ ಫೋನು ಮಾಡಿದಳು. “ಅವ್ವಾ, ಅಪ್ಪಗ ಕೊಡು.” ಸ್ಪೀಕರಿನಲ್ಲಿ ಅವಳ ದನಿ ಒಡೆಯುತ್ತಿತ್ತು. “ಅಪ್ಪಾ, ನಾ ಆ ವಿಡಿಯೋ ನೋಡ್ದೆ. ವಾರ್ಡಿನಾಗ ಒಬ್ಬಾಕಿ ತೋರ್ಸಿದ್ಳು. ನಮ್ಮಪ್ಪ ಅಂತ ಗೊತ್ತಿಲ್ದೆ, ನಕ್ಕೋತ ತೋರ್ಸಿದ್ಳು. ಕೇಸ್ ಮಾಡಮು ಅಪ್ಪಾ. ಅಟ್ರಾಸಿಟಿ ಹಾಕಮು. ನಾ ರಜಾ ತಗೊಂಡು ಬರ್ತೇನಿ.”

ಭಗವಂತ ಫೋನನ್ನು ಕೈಗೆ ತೆಗೆದುಕೊಂಡ.

“ಕೋರ್ಟಿನಾಗ ಭೀ ಅದನ್ನೇ ಹಚ್ಚಿ ನೋಡ್ತಾರೇನವ್ವಾ?”

ಆ ಕಡೆಯಿಂದ ಅಳು ಮಾತ್ರ ಕೇಳಿಸಿತು. ಅವನು ಫೋನನ್ನು ಹೆಂಡತಿಯ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದ. ಅದಾದ ಮೇಲೆ ಅವನ ಬಾಯಿಂದ ಮಾತೇ ಬರಲಿಲ್ಲ.

ಬನ್ನಿಯ ದಿನ ಊಟದ ಹೊತ್ತು ದಾಟಿದ ಮೇಲೆ ಮಾಳಿಂಗ ಬಂದ. ತಂಗ ಎಣ್ಣೆ ಕುಡಿದು ಗೂಟಕ್ಕೆ ತೂಗುತ್ತಿತ್ತು. ಮಾಳಿಂಗ ಅದನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ.

“ರುಕ್ಮವ್ವ, ಅವನೇ ತಗೊಂಡು ಬರ್ಬೇಕಂತ.”

“ನಾ ತರ್ತೇನಿ. ಇಲ್ಲಾ ನೀನೇ ಒಯ್ಯಿ.”

“ನಾ ಒಯ್ದ್ರ ನಡೆಯಂಗಿಲ್ಲ. ಬೀಗರು ಮತ್ತ ಬಂದಾರ, ಗಾಡಿ ತುಂಬ ಮಂದಿ. ಮೊಬೈಲಿನಾಗ ನೋಡೇವಿ, ಖುದ್ದು ನೋಡ್ಬೇಕು ಅನ್ನಾಕತ್ತಾರ.” ಮಾಳಿಂಗ ಹೆಗಲ ಮೇಲಿನ ವಸ್ತ್ರದ ತುದಿಯನ್ನು ಹಿಂಡಿದ. “ಇನ್ನ ಮ್ಯಾಲ ವರ್ಷಾ ವರ್ಷಾ ಕುದುರಿ ಹತ್ತೋ ಮೊದಲ ಇದೂ ಒಂದು ಪದ್ಧತಿ ಇಟ್ಟಬಿಡಮು ಅಂದ ಸಣ್ಣಗೌಡ. ಗೌಡ್ರು ಹೂಂ ಅಂದಾರ.”

ಪದ್ಧತಿ ಎಂಬ ಮಾತು ಕೇಳಿ ರುಕ್ಮಿಣಿಬಾಯಿ ಒಳಗಿನ ಕೋಣೆಯ ಕಡೆ ನೋಡಿದಳು. ಆ ಊರಲ್ಲಿ ಒಮ್ಮೆ ಪದ್ಧತಿ ಅನ್ನಿಸಿಕೊಂಡದ್ದು ಹೋಗುತ್ತಿರಲಿಲ್ಲ. ಭಗವಂತ ಸತ್ತರೆ ಅದಕ್ಕೆ ಅವನ ಅಣ್ಣನ ಮಗ ಬಗ್ಗಬೇಕು, ಅವನ ಮೇಲೆ ಅವನ ಮಗ.

ಒಳಗೆ ಸದ್ದಾಯಿತು. ಭಗವಂತ ಎದ್ದಿದ್ದ. ಹಿತ್ತಿಲಿಗೆ ಹೋಗಿ ಕಾಲು ತೊಳೆದು ಬಂದ. ಮೂಲೆಯ ಗಳದ ಮೇಲಿಂದ ಕೌದಿ ಇಳಿಸಿದ. ಅವಳ ಹಳೆಯ ಸೀರೆಗಳನ್ನೇ ಹೊಲಿದು ಮಾಡಿದ ಕೌದಿ ಅದು. ಆ ದಿನ ಒಗೆದ ಚೀಲಗಳು ಬೆನ್ನಿಗೆ ಚುಚ್ಚಿದ್ದವೋ ಏನೋ, ಈ ಸಲ ಕೌದಿಯನ್ನೇ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿದ. ಸಂತೆಗೆ ಹೊರಟವನ ಹಾಗೆ ಹೆಗಲಿಗೆ ಹಾಕಿಕೊಂಡ.

ರುಕ್ಮಿಣಿಬಾಯಿ ನೋಡುತ್ತಲೇ ನಿಂತಳು. ಅಂಗಳದಲ್ಲಿ ಆ ದಿನ ಒಡೆಯದೆ ಉಳಿದದ್ದು ಏನಿತ್ತೋ ಅದು ಆ ಮಡಿಕೆಗಳನ್ನು ನೋಡುವಾಗ ಒಡೆಯಿತು. ಗೂಟದಿಂದ ತಂಗ ಕಿತ್ತುಕೊಂಡಳು.

“ಕೂಡು,” ಎಂದಳು. “ನೀ ಇವತ್ತು ಆ ಅಂಗಳಕ್ಕ ಬಂದ್ರ ನಾ ಭೀಮಾ ಹೊಳಿ ಕಾಣ್ತೇನಿ. ಕೂಡು ಅಂದೆ!”

ಅವನು ಕೌದಿ ಹೆಗಲ ಮೇಲಿಟ್ಟುಕೊಂಡೇ ಹೊಸ್ತಿಲ ಮೇಲೆ ಕುಳಿತ.

ಗೌಡರ ಅಂಗಳದಲ್ಲಿ ಬಿಳಿಯ ಕುದುರೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಹಣೆಗೆ ಭಂಡಾರ, ಕೊರಳಿಗೆ ಚೆಂಡುಹೂವಿನ ಸರ, ಬೆನ್ನ ಮೇಲೆ ಇನ್ನೂ ಬಿಗಿಯದ ಜೀನು. ಗೌಡರು, ಮಗ, ಪೂಜಾರಿ, ಆಳುಗಳು, ಎಲ್ಲರೂ ಸ್ನಾನ ಮಾಡಿ ಮಡಿಯಲ್ಲಿದ್ದರು. ಅವಳ ಬೆನ್ನಿಗೇ ಬಂದ ಮಾಳಿಂಗ ಹೋಗಿ ಕುದುರೆಯ ಲಗಾಮು ಹಿಡಿದ. ಬೀಗರ ಮಂದಿ ಫೋನು ತೆಗೆದರು.

“ಎಲ್ಲಿ ಬೇ ನಿನ್ನ ಕುದುರಿ?” ಎಂದ ಕಲ್ಯಾಣಕುಮಾರ.

“ಅವಂಗ ಆರಾಮಿಲ್ರಿ.”

“ಆರಾಮಿಲ್ಲಂದ್ರ? ಇವರು ಜೇವರ್ಗಿಯಿಂದ ನಿನ್ನ ಮಾರಿ ನೋಡಾಕ ಬಂದಾರೇನು?”

“ಬಿಗಿದು ತೋರ್ಸಬೇಕು ಹೌದಲ್ರಿ? ತೋರಸ್ತೇನಿ.”

ರುಕ್ಮಿಣಿಬಾಯಿ ಹಾಸುಗಲ್ಲು ದಾಟಿದಳು. ಯಾರೂ ತಡೆಯಲಿಲ್ಲ, ಸಮಗಾರರು ಅದನ್ನು ದಾಟಿದ್ದನ್ನು ಎಂದೂ ಕಾಣದ ಆ ಮಂದಿಗೆ ಏನಾಗುತ್ತಿದೆ ಎಂದೇ ಹೊಳೆಯಲಿಲ್ಲ. ಅವಳು ನೆಟ್ಟಗೆ ಹೋಗಿ ಕುದುರೆಯ ಪಕ್ಕೆಯ ಮೇಲೆ ಅಂಗೈ ಊರಿದಳು. ಬಿಸಿಯಾಗಿತ್ತು. ಇಷ್ಟು ವರ್ಷ ಹೊಲಿದದ್ದು ಇಷ್ಟು ಬಿಸಿಯಾದ ಮೈಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಏ! ಏ! ಮುಟ್ಟಿದ್ಳು! ಮುಟ್ಟೇಬಿಟ್ಳಲ್ರೀ ಹಲ್ಕಟ್ ರಂಡಿ!” ಪೂಜಾರಿಯ ಕೈಯಿಂದ ತಂಬಿಗೆ ಬಿತ್ತು.

ಅವಳು ಪಟ್ಟಿಯನ್ನು ಜೀನಿನ ಮೇಲಿಂದ ಆಚೆಗೆ ಬಿಟ್ಟು, ಸೊಂಟ ಬಗ್ಗಿಸಿ ಹೊಟ್ಟೆಯ ಕೆಳಗೆ ತೂರಿ, ಆಚೆಯ ತುದಿ ಹಿಡಿದು, ಬಕಲ್ಲಿಗೆ ಸಿಕ್ಕಿಸಿ, ಎರಡೂ ಕೈಯಿಂದ ತಂಗವನ್ನು ಅವುಚಿ ಕುದುರೆಯ ಹೊಟ್ಟೆಯ ಕೆಳಗೇ ಕುಳಿತುಬಿಟ್ಟಳು.

ಕಲ್ಯಾಣಕುಮಾರ ಬಾರುಕೋಲು ಎತ್ತಿದ.

“ಹೊಡೀಬ್ಯಾಡ್ರಿ ಸಣ್ಣಗೌಡ್ರ! ಭಂಡಾರ ಹಚ್ಚೇವಿ, ಕುದುರಿಗೆ ಬಿದ್ರ ದೇವರ ಮೈಗೆ ಬಿದ್ದಂಗ!” ಎಂದು ಪೂಜಾರಿ ಕೂಗಿದ.

“ಹಂಗಾರ ಎಳೀರೋ ಆ ಕೆರ ಹೊಲಿಯೋಳ್ನ!”

ಯಾರು ಎಳೆಯಬೇಕು? ಆಳುಗಳು ಮಡಿಯಲ್ಲಿದ್ದ ಗೌಡರ ಮುಖ ನೋಡಿದರು. ಬೀಗರು ಬೀಗರ ಮುಖ ನೋಡಿದರು. ಅವಳನ್ನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮಡಿ, ಅಷ್ಟರಲ್ಲಿ ಬನ್ನಿಯ ಮುಹೂರ್ತ ಹೋಗುತ್ತದೆ.

“ಮಾಳ್ಯಾ, ಕುದುರಿ ಮುಂದಕ್ಕ ಹೊಡಿ!” ಎಂದು ಗೌಡರು ಗುಡುಗಿದರು.

“ಬರವಲ್ದ್ರೀ ಅದು, ಗೌಡ್ರ,” ಎಂದ ಮಾಳಿಂಗ. ಕೆಳಗೆ ಕುಳಿತವಳಿಗೆ ಅವನ ಕೈಯಲ್ಲಿದ್ದ ಲಗಾಮು ಸಡಿಲಾಗಿ ತೂಗುತ್ತಿರುವುದು ಕಾಣುತ್ತಿತ್ತು.

“ತೆಗೀರಿ ಈಗ ಫೋಟೋ,” ಎಂದಳು ರುಕ್ಮಿಣಿಬಾಯಿ. “ಯಾಕ ಕೈ ಇಳಿಸಿದ್ರಿ? ನಮ್ಮ ಮನ್ಯಾಗಿನ ಮಾತು ನಾ ಹೇಳ್ದೆ, ತಪ್ಪು ನಂದು. ಗೌಡ್ರ, ನನ್ನ ಗಂಡ ಇನ್ನ ಮ್ಯಾಲ ಈ ಅಂಗಳದಾಗ ಬಗ್ಗಂಗಿಲ್ಲ ಅಂತ ಇಷ್ಟು ಮಂದಿ ಮುಂದ ಹೇಳ್ರಿ. ಹೊರಗ ಬರ್ತೇನಿ. ಆಮ್ಯಾಲ ಹೊಡೀರಿ, ಕಡೀರಿ, ಏನರ ಮಾಡ್ರಿ.”

“ನಿನ್ನ ಗಂಡನ್ನೇ ಕರಸ್ತೇನಿ ತಡಿ, ಬೋಸುಡಿ. ಅವನೇ ನಿನ್ನ ಚರ್ಮ ಸುಲೀಲಿ.” ಗೌಡರು ಕೈ ಮಾಡಿದ ಕೂಡಲೇ ಇಬ್ಬರು ಆಳುಗಳು ಓಡಿದರು.

ಕುದುರೆ ಒಂದು ಕಾಲು ಎತ್ತಿ ಇಟ್ಟಿತು. ಗೊರಸು ಅವಳ ಸೀರೆಯ ಅಂಚನ್ನು ನೆಲಕ್ಕೆ ಒತ್ತಿತು. ಕೆಳಗಿನಿಂದ ಅವಳಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಬಿಳಿಯ ಧೋತ್ರಗಳು, ಹೊಳೆಯುವ ಬೂಟುಗಳು, ಅವಳ ಗಂಡನೇ ಹೊಲಿದ ಎರಡು ಜೋಡಿ ಚಪ್ಪಲಿಗಳು, ನೆಲದ ಮೇಲೆ ಉರುಳಿದ ತಂಬಿಗೆ. ಡೊಳ್ಳಿನವರು ಬಾಗಿಲಾಚೆ ಬಂದು ನಿಂತು, ಬಾರಿಸುವುದೋ ಬೇಡವೋ ತಿಳಿಯದೆ ಒಂದೆರಡು ಪೆಟ್ಟು ಹಾಕಿ ಬಿಟ್ಟರು. ಬೇವಿನ ನೆರಳು ಬೂಟುಗಳನ್ನು ದಾಟಿ ಗೋಡೆಯ ಕಡೆ ಹೋಗುತ್ತಿತ್ತು.

ಆಮೇಲೆ ಬೂಟುಗಳು ಎರಡೂ ಕಡೆ ಸರಿದು ದಾರಿ ಬಿಟ್ಟವು. ಬರಿಯ ಪಾದಗಳು ಬಂದವು. ಹಿಮ್ಮಡಿ ಒಡೆದ, ತೊಳೆದ ಪಾದಗಳು. ಹಾಸುಗಲ್ಲಿನ ಹತ್ತಿರ ಬಂದು ನಿಂತವು.

“ಹೇಳೋ ನಿನ್ನ ಹೆಂಡ್ತಿಗೆ! ಹೊರಗ ಬಾ ಅನ್ನು!”

ಆಮೇಲೆ ಅಷ್ಟು ದಿನ ಕೇಳದೆ ಇದ್ದ ದನಿ ಕೇಳಿತು. ತುಕ್ಕು ಹಿಡಿದ ಹಾಗಿತ್ತು.

“ಆಕಿಗೆ ಏನೂ ಮಾಡ್ಬ್ಯಾಡ್ರಿ ಧಣ್ಯಾರ. ಆಕಿಗೆ ಬಿಡ್ರಿ. ನಾ ಬಗ್ತೇನಿ.”

ಪಾದಗಳ ಪಕ್ಕಕ್ಕೆ ಕೌದಿ ಬಿತ್ತು. ಮೊದಲು ಒಂದು ಅಂಗೈ ಕಲ್ಲಿನ ಮೇಲೆ ಬಂತು, ಆಮೇಲೆ ಇನ್ನೊಂದು. ಮೊಣಕಾಲುಗಳು ಊರಿದವು. ಕೊನೆಗೆ ಅವನ ಮುಖ ಇಳಿದು ಬಂತು, ಅವಳ ಮುಖದ ಮಟ್ಟಕ್ಕೆ, ಎದುರಿಗೆ. ಅಂಗಳದಲ್ಲಿ ಅವರಿಬ್ಬರೇ ಅಷ್ಟು ಕೆಳಗಿದ್ದರು. ಆ ದಿನದಿಂದ ಮೊದಲ ಸಲ ಅವನು ಅವಳನ್ನು ನೋಡಿದ.

“ಏಳು,” ಎಂದಳು ಅವಳು. “ಎದ್ದು ನಿಂದ್ರು. ಕೈ ಮುಗೀತೇನಿ, ಏಳೋ.”

ಕೈ ಮುಗಿಯಲು ತಂಗ ಬಿಡಬೇಕಿತ್ತು. ಅವಳು ಬಿಡಲಿಲ್ಲ. ಅವನು ಏಳಲಿಲ್ಲ. ಯಾರೋ ಒಬ್ಬರು ಮತ್ತೆ ಫೋನು ಎತ್ತಿದರು.